ನನ್ನ ಹೊಲಿಗೆ ಮತ್ತು ಹನ್ನೊಂದು ಸೆಕೆಂಡಿನ ರಸ್ತೆ

ಶೆಡ್ಡು

ನ್ಯೂಜಿಲೆಂಡಿಗೆ ಹೋಗಿಬಂದೆ ಎಂದರೆ ಸಾಕು, ಹಿಮದ ಬೆಟ್ಟ ನೋಡಿದಿರಾ, ಕುರಿ ನೋಡಿದಿರಾ ಎಂದು ಎಲ್ಲರೂ ಶುರುಮಾಡುತ್ತಾರೆ. ಕುರಿ ಬೇಕಾದಷ್ಟು ನೋಡಿದೆ. ಬೆಟ್ಟ ಕಾರಿನ ಕಿಟಕಿಯಲ್ಲಿ ಬಂದು ಹೋಯಿತು. ಆದರೆ ನಾನು ಬಾಯಿ ಬಿಟ್ಟುಕೊಂಡು ನೋಡಿದ್ದು ನಾನೂರು ಮೀಟರ್ ಉದ್ದದ ಒಂದು ನೇರ ರಸ್ತೆಯನ್ನು. ಮೈಸೂರಿನ ಶ್ರೀರಾಂಪುರದ ನನ್ನ ಅಂಗಡಿಯಿಂದ ಬಸ್ ಸ್ಟಾಪಿಗೆ ಹೆಚ್ಚುಕಮ್ಮಿ ಅಷ್ಟೇ ದೂರ. ಆ ರಸ್ತೆಯ ಮೇಲೆ ಹನ್ನೊಂದು ಸೆಕೆಂಡು ಕಾರು ಓಡಿಸಲು ನನ್ನ ತಮ್ಮ ಮಾದೇವ ನಾಲ್ಕು ವರ್ಷ ತಯಾರಿ ನಡೆಸಿದ್ದ. ಅದನ್ನು ನಾನು ಒಂದು ಮಧ್ಯಾಹ್ನದಲ್ಲಿ ಹಾಳು ಮಾಡಿಟ್ಟೆ. ಅದೂ ಪ್ರೀತಿಯಿಂದ!

ನಾನು ಕಾರಿನ ಸೀಟು ಹೊಲಿಯುವವಳು. ಸೋದರಮಾವನ ಬಸ್ ಸೀಟಿನ ಅಂಗಡಿಯಲ್ಲಿ ಸೂಜಿ ಹಿಡಿದವಳು, ಮೂವತ್ತು ವರ್ಷವಾಯಿತು, ಇನ್ನೂ ಕೆಳಗಿಟ್ಟಿಲ್ಲ. ಹರಿದ ಸೀಟು, ಬಿರುಕುಬಿಟ್ಟ ಜೀಪಿನ ಟಾಪು, ಇಲಿ ಕಡಿದ ಸೀಟ್ ಬೆಲ್ಟು, ಏನು ತಂದರೂ ಸರಿಮಾಡಿ ಕಳಿಸುತ್ತೇನೆ. ಹೊಸದು ಹಾಕಿಸಿಕೊಳ್ಳಿ ಎಂದು ಗಿರಾಕಿಗೆ ಹೇಳುವುದು ನನಗೆ ಅವಮಾನ. ಹೊರಡುವ ಹಿಂದಿನ ವಾರ ಇಲವಾಲದ ಟ್ಯಾಕ್ಸಿ ಚನ್ನಪ್ಪ ಬಂದಿದ್ದ. ಅವನ ಬೆಲ್ಟನ್ನು ಇಲಿ ಅರ್ಧ ಬೆರಳಿನಷ್ಟು ತಿಂದಿತ್ತು. ನಾಲ್ಕು ಸಾಲು ಹೊಲಿಗೆ ಹಾಕಿಕೊಟ್ಟೆ. "ಜಯಕ್ಕ, ನಿಮ್ ಕೈ ಬಿದ್ಮೇಲೆ ಆನೆ ಎಳುದ್ರೂ ಕಿತ್ತೋಗಾಕಿಲ್ಲ ಬುಡಿ" ಅಂದ. ಆ ಮಾತನ್ನು ವಿಮಾನದಲ್ಲಿ ಕೂತಷ್ಟು ಹೊತ್ತೂ ನೆನೆಸಿಕೊಂಡು ಹಿಗ್ಗಿದ್ದೆ.

ಮಾದೇವ ಮೊದಲು ಕಡಕೊಳದ ಒಂದು ವರ್ಕ್‌ಶಾಪಿನಲ್ಲಿ ಲಾರಿ ಎಂಜಿನ್ ಬಿಚ್ಚುತ್ತಿದ್ದ. ಈಗ ನ್ಯೂಜಿಲೆಂಡಿನ ಒಂದು ಸಣ್ಣ ಊರಿನಲ್ಲಿ ಟ್ರ್ಯಾಕ್ಟರು, ಹಾಲಿನ ಲಾರಿ ರಿಪೇರಿ ಮಾಡುತ್ತಾನೆ. ಎಂಟು ವರ್ಷದ ಮೇಲೆ ಅವನ ಮನೆಗೆ ಹೋದರೆ, ಅಕ್ಕ ಬಂದಳು ಎಂದು ಕಾಫಿ ಕೊಡುವುದಕ್ಕೂ ಮೊದಲೇ ಹಿತ್ತಲ ಶೆಡ್ಡಿಗೆ ಎಳೆದುಕೊಂಡು ಹೋದ. ಅಲ್ಲಿ ಒಂದು ಹಳೇ ನೀಲಿ ಕಾರು ನಿಂತಿತ್ತು. ಒಳಗೆ ಒಂದೇ ಸೀಟು. ಸುತ್ತ ತೊಲೆ ಕಟ್ಟಿದ ಹಾಗೆ ಕಬ್ಬಿಣದ ಕೊಳವೆಗಳು.

"ಇದೇನೋ, ಕಾರೋ ಪಂಜರವೋ?" ಅಂದೆ.

"ಮಗುಚಿ ಬಿದ್ರೆ ತಲೆ ಉಳೀಬೇಕಲ್ಲ ಅಕ್ಕ. ಈ ಶನಿವಾರ ಮೊದಲನೇ ಓಟ. ಚಳಿಗಾಲ ಶುರುವಾದ್ರೆ ರಸ್ತೆ ಮುಚ್ಬುಡ್ತಾರೆ. ಈ ವರ್ಷಕ್ಕೆ ಇದೇ ಕೊನೇ ಡ್ರ್ಯಾಗ್ ರೇಸ್" ಅಂದ.

ಡ್ರ್ಯಾಗ್ ರೇಸ್ ಅಂದರೆ ಇಷ್ಟೇ: ಎರಡು ಕಾರು ಪಕ್ಕಪಕ್ಕ ನಿಲ್ಲುತ್ತವೆ, ಕಂಬದ ಮೇಲಿನ ದೀಪ ಹಸಿರಾಗುತ್ತದೆ, ನೆಟ್ಟಗೆ ಹೋಗುತ್ತವೆ. ತಿರುವಿಲ್ಲ, ಸುತ್ತಿಲ್ಲ. ಓಡಿಸುವವರು ಹಾಲು ಕರೆಯುವವರು, ನಲ್ಲಿ ರಿಪೇರಿಯವರು, ಮೇಷ್ಟ್ರುಗಳು. ಇಂಥ ಸರಳ ಆಟಕ್ಕೆ ಅವನ ಹತ್ತಿರ ಒಂದು ನಿಯಮದ ಪುಸ್ತಕವಿತ್ತು, ನಮ್ಮ ಮನೆಯ ನಾಲ್ಕು ವರ್ಷದ ಪಂಚಾಂಗ ಜೋಡಿಸಿದರೂ ಅಷ್ಟು ದಪ್ಪವಾಗುವುದಿಲ್ಲ. ಕಾರು ಎಷ್ಟು ಬೇಗ ಓಡುತ್ತದೋ ಅಷ್ಟು ನಿಯಮ ಹೆಚ್ಚಂತೆ. ನಿಧಾನದ ಕಾರಿಗೆ ಹೆಲ್ಮೆಟ್ಟು, ಮಾಮೂಲಿ ಬೆಲ್ಟು ಸಾಕು. ಇವನದರಷ್ಟು ವೇಗಕ್ಕೆ ಪಂಜರ ಬೇಕು, ಬೆಂಕಿ ತಡೆಯುವ ಅಂಗಿ ಬೇಕು, ಐದು ಪಟ್ಟಿಯ ಬೆಲ್ಟು ಬೇಕು. ಎರಡು ಪಟ್ಟಿ ಹೆಗಲ ಮೇಲೆ, ಎರಡು ಸೊಂಟಕ್ಕೆ, ಒಂದು ತೊಡೆಯ ನಡುವೆ, ಐದೂ ಬಂದು ಹೊಟ್ಟೆಯ ಮೇಲೆ ಒಂದೇ ಬಕಲಿಗೆ ಸೇರಬೇಕು. ಆ ಬೆಲ್ಟಿಗೂ ಔಷಧಿ ಬಾಟಲಿಯ ಹಾಗೆ ತಾರೀಖು. ಎರಡು ವರ್ಷ ಕಳೆಯಿತೋ, ಮುಟ್ಟದೇ ಇಟ್ಟಿದ್ದರೂ ಅದು ಲೆಕ್ಕಕ್ಕಿಲ್ಲ.

"ನಮ್ಮಲ್ಲಿ ಮದುವೆಗೂ ಇಷ್ಟು ಶಾಸ್ತ್ರ ಇಲ್ಲ ಕಣೋ" ಅಂದೆ. ಅವನು ನಕ್ಕ.

ಮಾರನೆಯ ದಿನ ಅವನು ಕೆಲಸಕ್ಕೆ ಹೋದಾಗ ನಾನು ಸುಮ್ಮನೆ ಕೂರಲಾರದೆ ಶೆಡ್ಡಿಗೆ ಹೋದೆ. ಕೈ ತಾನಾಗಿ ಸೀಟಿನ ಮೇಲೆ ಹೋಯಿತು. ಎಡ ಹೆಗಲ ಪಟ್ಟಿ ಸೀಟಿನ ತೂತಿನೊಳಗೆ ನುಸುಳುವ ಕಡೆ ಅಂಚು ಉಜ್ಜಿ ಉಜ್ಜಿ ಎಳೆ ಎದ್ದಿತ್ತು, ಒಂದು ಕಡೆ ಕಡಲೆಕಾಳಿನಷ್ಟು ಕಚ್ಚು. ಅಯ್ಯೋ, ಇಷ್ಟೇ ತಾನೆ! ಸೂಜಿ, ಮೇಣದ ನೂಲು ನಾನು ಎಲ್ಲಿ ಹೋದರೂ ಚೀಲದಲ್ಲಿರುತ್ತವೆ. ಮಧ್ಯಾಹ್ನವೆಲ್ಲ ಕೂತು, ಅಂಚು ಮಡಿಸಿ, ಒಳಗೆ ತೇಪೆ ಕೊಟ್ಟು, ಒತ್ತೊತ್ತಾಗಿ ಆರು ಸಾಲು ಹಾಕಿದೆ. ನನ್ನ ಜೀವಮಾನದ ಒಳ್ಳೆಯ ಹೊಲಿಗೆಗಳಲ್ಲಿ ಅದೂ ಒಂದು.

ಸಂಜೆ ಮಾದೇವ ಬಂದು ಅದನ್ನು ಬೆರಳಿನಿಂದ ಸವರಿದ. "ಚೆನ್ನಾಗ್ ಮಾಡಿದೀಯ ಕಣಕ್ಕ" ಎಂದು ಕೈ ತೊಳೆಯಲು ಹೋದ. ತುಂಬಾ ಹೊತ್ತು ತೊಳೆಯುತ್ತಲೇ ಇದ್ದ.

ತಪಾಸಣೆಯ ಸಾಲು

ಶನಿವಾರ ಬೆಳಿಗ್ಗೆ ಹುಲ್ಲುಗಾವಲಿನ ನಡುವಿನ ಆ ರಸ್ತೆಗೆ ಹೋದೆವು. ಮೊದಲ ಅಪಶಕುನ ನನ್ನ ಚಪ್ಪಲಿ. ಕಾರಿನ ಜೊತೆ ಒಳಗೆ ಬರುವವರ ಪಾದ ಪೂರ್ತಿ ಮುಚ್ಚಿರಬೇಕು ಎಂದು ಗೇಟಿನಲ್ಲಿ ನಿಲ್ಲಿಸಿದರು. ಯಾರೋ ಪುಣ್ಯಾತ್ಮರು ತಮ್ಮ ವ್ಯಾನಿನಿಂದ ಮೊಣಕಾಲುದ್ದದ ರಬ್ಬರ್ ಬೂಟು ತಂದುಕೊಟ್ಟರು. ಮೇಲೆ ಮೈಸೂರು ರೇಷ್ಮೆ, ಕೆಳಗೆ ಗದ್ದೆಗೆ ಇಳಿಯುವ ಬೂಟು. ಒಬ್ಬರೂ ನಗಲಿಲ್ಲ. ನಮ್ಮ ಬೀದಿಯಾಗಿದ್ದರೆ ಮೂರು ತಿಂಗಳು ಆಡಿಕೊಳ್ಳುತ್ತಿದ್ದರು.

ಮೊದಲ ಜೋಡಿ ಕಾರು ಬಿಟ್ಟಾಗ ನಾನು ಬೇಲಿ ಹಿಡಿದುಕೊಂಡಿದ್ದೆ. ಸದ್ದು ಕಿವಿಗಲ್ಲ, ಎದೆಗೆ ಬಡಿಯಿತು. ಕಿವಿ ಮುಚ್ಚುವ ದೊಡ್ಡ ಬಟ್ಟಲುಗಳನ್ನು ತುರುಬಿನ ಮೇಲೆ ಸಿಕ್ಕಿಸಿಕೊಂಡಿದ್ದೆ, ಆದರೂ ಹಲ್ಲು ನಡುಗಿತು. ಕಣ್ಣು ಮಿಟುಕಿಸಿ ತೆರೆಯುವುದರೊಳಗೆ ಕಾರು ಅಂಗೈ ಅಗಲ ಆಗಿತ್ತು. "ಅಮ್ಮಾ ತಾಯಿ!" ಎಂದು ಕೂಗಿಬಿಟ್ಟೆ. ಅಷ್ಟು ಸದ್ದಿನಲ್ಲಿ ಅದು ನನಗೇ ಕೇಳಲಿಲ್ಲ.

ರಸ್ತೆಗೆ ಇಳಿಯುವ ಮೊದಲು ಪ್ರತಿ ಕಾರೂ ತಪಾಸಣೆಯ ಸಾಲಿನಲ್ಲಿ ನಿಲ್ಲಬೇಕು. ನೋಡುವವರು ಜೋನ್ ಎಂಬ ಹೆಂಗಸು. ಎಪ್ಪತ್ತರ ಹತ್ತಿರ, ಬಿಳೀ ಕೂದಲು, ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದವರಂತೆ. ಅವರು ಕಾರು ನೋಡುವುದು ಕಣ್ಣಿನಿಂದಲ್ಲ, ಕೈಯಿಂದ. ಬ್ಯಾಟರಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತುಬಿಡುವ ಹಾಗೆ ಅಲ್ಲಾಡಿಸಿದರು. ಚಕ್ರದ ನಟ್ಟುಗಳನ್ನು ಒಂದೊಂದಾಗಿ ಮುಟ್ಟಿದರು. ಆಕ್ಸಿಲರೇಟರ್ ಒತ್ತಿ ಬಿಟ್ಟರೆ ತಾನಾಗಿ ವಾಪಸು ಬರುತ್ತದೋ ಎಂದು ಹತ್ತು ಸಲ ನೋಡಿದರು. ಹೆಲ್ಮೆಟ್ಟಿನ ಒಳಗಿನ ಚೀಟಿ ಓದಿದರು. ಮಾದೇವನ ಬಾಯಿಗೆ ಯಂತ್ರ ಹಿಡಿದು ಊದಿಸಿ, ಕುಡಿದಿದ್ದಾನೋ ಎಂದು ನೋಡಿದರು. ಅವನು ಬೆಳಿಗ್ಗೆ ಕುಡಿದದ್ದು ನಾನು ಮಾಡಿದ ರಾಗಿ ಗಂಜಿ.

ಕಾರಿನ ಮುಂದುಗಡೆ ನಾನು ಇಟ್ಟಿದ್ದ ಬೆರಳುದ್ದದ ಚಾಮುಂಡಿ ವಿಗ್ರಹವನ್ನು ಜೋನ್ ಮೆಲ್ಲಗೆ ಎತ್ತಿಕೊಂಡರು. ಬೋಲ್ಟು ಹಾಕದ ಯಾವ ವಸ್ತುವೂ ಒಳಗಿರಬಾರದು. ಡಿಕ್ಕಿಯಾದರೆ ಅದೇ ಹಾರಿಬಂದು ಹೊಡೆಯುತ್ತದೆ ಎಂದು ಮಾದೇವ ಅವರ ಮಾತನ್ನು ನನಗೆ ಕನ್ನಡದಲ್ಲಿ ಹೇಳಿದ. ನನಗೆ ಸಿಟ್ಟು ಬರುವುದರಲ್ಲಿತ್ತು. ಆದರೆ ಆಕೆ ತಾಯಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ತಂದು ನನ್ನ ಕೈಗೆ ಕೊಟ್ಟರು. ನೀವು ಜೋಪಾನವಾಗಿ ಇಟ್ಟುಕೊಂಡಿರಿ ಎಂದರು. ನಾನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೆ.

ಆಮೇಲೆ ಅವರ ಕೈ ಹೆಗಲ ಪಟ್ಟಿಯ ಮೇಲೆ ಹರಿದು, ನನ್ನ ಹೊಲಿಗೆಯ ಮೇಲೆ ನಿಂತಿತು. ಕನ್ನಡಕ ಏರಿಸಿ ಬಗ್ಗಿ ನೋಡಿದರು. ತಲೆ ಅಲ್ಲಾಡಿಸಿದರು. ಹಾಳೆಯ ಮೇಲೆ ಕೆಂಪು ಗೆರೆ ಎಳೆದರು.

"ಏನಂತೆ?" ಅಂದೆ.

"ಬೆಲ್ಟು ಆಗಲ್ವಂತೆ ಅಕ್ಕ. ತಯಾರಿಸಿದವ್ರು ಬಿಟ್ಟು ಬೇರೆಯವ್ರು ಹೊಲಿಗೆ ಹಾಕಂಗಿಲ್ಲ."

"ಬೇರೆಯವ್ರಾ? ಮೂವತ್ತು ವರ್ಷದಿಂದ ಹೊಲೀತಿದೀನಿ ಅಂತ ಹೇಳೋ!"

ಅವನು ಹೇಳಿದ. ಜೋನ್ ನನ್ನ ಕಡೆ ತಿರುಗಿ, ಇಷ್ಟು ಸಮನಾದ ಕೈಹೊಲಿಗೆಯನ್ನು ತಾನು ಕಂಡೇ ಇಲ್ಲ ಅಂದರು. ಆದರೂ ಆಗಲ್ಲ ಅಂದರು. ನನಗೆ ಹೊಳೆದದ್ದು ಆಗ. ಮಾದೇವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿಂಗೆ ಮೊದಲೇ ಗೊತ್ತಿತ್ತೇನೋ?"

ನೆಲ ನೋಡಿದ. "ಕಚ್ಚು ಬಿದ್ದಿರೋದು ನೋಡಿದ್ದೆ ಅಕ್ಕ. ಶುಕ್ರವಾರ ಹೊಸ ಬೆಲ್ಟು ತರೋಣ ಅಂತಿದ್ದೆ. ನೀನು ಅಷ್ಟು ಇಷ್ಟಪಟ್ಟು ಹೊಲಿದ್ಬುಟ್ಟಿದ್ದೆ. ಬಿಚ್ಚಿ ಬಿಸಾಕಿದ್ರೆ ನಿನ್ ಮನಸ್ಸಿಗೆ ನೋವಾಗುತ್ತೆ ಅಂತ ಸುಮ್ನಾದೆ. ಅವರು ನೋಡ್ದೆ ಬಿಟ್ರೂ ಬಿಡಬಹುದು ಅನ್ಕೊಂಡೆ."

"ನನ್ನ ಮನಸ್ಸಿಗೆ ನೋವಾಗುತ್ತೆ ಅಂತ ನೀನು ಸಾಯೋಕೆ ಹೊರಟಿದ್ಯೇನೋ, ಮೂದೇವಿ?" ಎಂದು ಕಿರುಚಿದೆ. ಕಿರುಚಿದ ಮೇಲೆ ನಾನೇನು ಹೇಳಿದೆ ಎಂದು ನನಗೇ ಕೇಳಿಸಿತು. ಅಂದರೆ ಆ ಹೊಲಿಗೆಯಿಂದ ಜೀವ ಹೋಗಬಹುದು ಎಂದು ನಾನೇ ಒಪ್ಪಿದ ಹಾಗಾಯಿತಲ್ಲ! ನಾಲಿಗೆ ಕಚ್ಚಿಕೊಂಡೆ. ಒಪ್ಪಲು ನಾನೇನೂ ಸಿದ್ಧಳಿರಲಿಲ್ಲ.

"ಅದು ಕಿತ್ತು ಬರೋದನ್ನ ನನ್ನ ಕಣ್ಣಿಗೆ ತೋರಿಸಲಿ, ಆಮೇಲೆ ಒಪ್ತೀನಿ ಅಂತ ಹೇಳು" ಅಂದೆ.

ಲಾರಿಯ ಹಿಂದೆ

ನಮ್ಮೂರಿನ ಯಾವ ಕಚೇರಿಯಲ್ಲಾದರೂ ಹೀಗೆ ಹೇಳಿದ್ದರೆ ಸಾಹೇಬರು ಆಚೆ ನಡಿ ಅನ್ನುತ್ತಿದ್ದರು. ಜೋನ್ ಗಡಿಯಾರ ನೋಡಿದರು, ಸಾಲನ್ನು ಇನ್ನೊಬ್ಬರಿಗೆ ಒಪ್ಪಿಸಿದರು, ಬನ್ನಿ ಎಂದು ಕೈಮಾಡಿದರು. ನನಗೆ ಅಲ್ಲೇ ಅರ್ಧ ಸಿಟ್ಟು ಇಳಿಯಿತು.

ಪಕ್ಕದಲ್ಲಿ ವಿರೇಮು ಎಂಬಾತನ ಲಾರಿ ನಿಂತಿತ್ತು. ಕುರಿ ಉಣ್ಣೆ ಕತ್ತರಿಸುವ ಕೆಲಸದವನು, ಬಾಗಿಲು ತುಂಬುವಷ್ಟು ದೊಡ್ಡ ಆಳು. ಮಾದೇವನ ಪಕ್ಕದಲ್ಲಿ ಆ ದಿನ ಓಡಬೇಕಾಗಿದ್ದವನು ಅವನೇ. ಅವನ ಬಳಿ ಕೆಸರಿಗೆ ಬಿದ್ದ ಗಾಡಿ ಎಳೆಯುವ ಕೈ ರಾಟೆ ಇತ್ತು, ಉಕ್ಕಿನ ಹಗ್ಗದ್ದು. ಬೆಲ್ಟನ್ನು ಕಾರಿನಿಂದ ಬಿಚ್ಚಿ, ಮೊದಲು ಬಲ ಹೆಗಲಿನ ಪಟ್ಟಿಯನ್ನು, ನಾನು ಮುಟ್ಟದೇ ಇದ್ದದ್ದನ್ನು, ಎರಡು ಕೊಕ್ಕೆಗಳ ನಡುವೆ ಕಟ್ಟಿದರು. ಅದರ ಮೇಲೆ ದಪ್ಪ ಕಂಬಳಿ ಹೊದಿಸಿದರು, ಕಿತ್ತರೆ ಚಾಟಿಯಂತೆ ಹಾರದಿರಲಿ ಎಂದು. ನನ್ನ ಕಣ್ಣಿಗೆ ಕನ್ನಡಕ ಹಾಕಿ ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿದರು. ಒಂದು ಪಟ್ಟಿ ಹರಿದು ನೋಡುವುದಕ್ಕೂ ಇಷ್ಟು ಜಾಗ್ರತೆ!

ವಿರೇಮು ರಾಟೆಯ ಹಿಡಿ ಎಳೆದ. ಎಳೆದ. ಕತ್ತಿನ ನರ ಉಬ್ಬಿತು. ಹಿಡಿ ಮುಂದೆ ಹೋಗಲೇ ಇಲ್ಲ. ಪಟ್ಟಿ ಸುಮ್ಮನೆ ಬಿಗಿದು ನಿಂತಿತ್ತು.

ಆಮೇಲೆ ನನ್ನ ಪಟ್ಟಿ ಕಟ್ಟಿದರು. ಸೆರಗಿನ ಗಂಟು ಹಿಡಿದುಕೊಂಡೆ. ಏನು ಬೇಡಿಕೊಳ್ಳಲಿ? ಗಟ್ಟಿ ನಿಲ್ಲಲಿ ಎಂದರೆ ಮಾದೇವ ಅದನ್ನೇ ಹಾಕಿಕೊಂಡು ಕೂರುತ್ತೇನೆ ಅಂದಾನು. ಕಿತ್ತುಹೋಗಲಿ ಎಂದು ನನ್ನ ಕೈಕೆಲಸದ ಬಗ್ಗೆ ನಾನು ಹೇಗೆ ಬೇಡಲಿ? ಹಿಡಿ ಏಳು ಸಲ ಸರಿಯಿತು. ಎಂಟನೆಯದಕ್ಕೆ ಕಂಬಳಿಯ ಅಡಿಯಲ್ಲಿ ಟಪ್ ಅಂತ ಸದ್ದಾಯಿತು.

ಜೋನ್ ಕಂಬಳಿ ಎತ್ತಿ ತುಂಡನ್ನು ನನ್ನ ಕೈಗೆ ಕೊಟ್ಟರು. ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಬಟ್ಟೆ ನನ್ನ ಭಾಷೆ. ನೂಲಿನ ಒಂದು ಎಳೆಯೂ ಬಿಟ್ಟಿರಲಿಲ್ಲ, ಗಂಟು ಹಾಕಿದ ಹಾಗೇ ಇತ್ತು. ಹರಿದದ್ದು ಪಟ್ಟಿ, ನನ್ನ ಸೂಜಿ ಹೋದ ತೂತುಗಳ ಸಾಲಿನಲ್ಲೇ, ಸ್ಕೇಲ್ ಇಟ್ಟು ಗೆರೆ ಎಳೆದಷ್ಟು ನೇರವಾಗಿ. ಒಂದೊಂದು ಸಲ ಸೂಜಿ ಚುಚ್ಚಿದಾಗಲೂ ಒಳಗಿನ ಎಳೆಗಳನ್ನು ಕಡಿಯುತ್ತ ಹೋಗಿದ್ದೆ. ಒತ್ತೊತ್ತಾಗಿ ಹಾಕಿದಷ್ಟೂ ಹೆಚ್ಚು ಕಡಿದಿದ್ದೆ. ಚನ್ನಪ್ಪನ ಇಲಿ ಒಂದು ಕಡೆ ಕಡಿದರೆ ನಾನು ಇನ್ನೂರು ಕಡೆ ಕಡಿದವಳು.

ಲಾರಿಯ ಮೆಟ್ಟಿಲ ಮೇಲೆ ಕೂತೆ. ಜೋನ್ ಪಕ್ಕದಲ್ಲಿ ಕೂತು, ಜೇಬಿನಿಂದ ಒಂದು ದಪ್ಪ ಕತ್ತರಿ ತೆಗೆದು ನನ್ನ ಮುಂದೆ ಹಿಡಿದರು. ನಾನು ಹೊಲಿದ ಪಟ್ಟಿಯ ಜೊತೆ ಉಳಿದವನ್ನೂ ಕತ್ತರಿಸಬೇಕಂತೆ, ಇಲ್ಲದಿದ್ದರೆ ಕಸದಿಂದ ಎತ್ತಿಕೊಂಡು ಇನ್ಯಾರೋ ಹಾಕಿಕೊಳ್ಳುತ್ತಾರೆ. ಆ ಕೆಲಸ ತಾನು ಮಾಡಬಹುದು, ನೀವು ಮಾಡಿದರೆ ಇನ್ನೂ ಒಳ್ಳೆಯದು ಅಂದರು. ಮೂವತ್ತು ವರ್ಷದಲ್ಲಿ ನಾನು ಹೊಲಿದದ್ದನ್ನು ನಾನೇ ಕತ್ತರಿಸಿರಲಿಲ್ಲ. ಕತ್ತರಿಸಿದೆ. ಚೂರು ಚೂರು ಮಾಡಿ, ಹರಿದ ಒಂದು ತುಂಡನ್ನು ಚೀಲಕ್ಕೆ ಹಾಕಿಕೊಂಡೆ.

ಮಳೆ

ಬೆಲ್ಟಿಲ್ಲದೆ ಓಟವಿಲ್ಲ. ಮಾದೇವ ಕಾರಿನ ಬಾನೆಟ್ಟಿಗೆ ಒರಗಿ ನಿಂತಿದ್ದ. "ಹೋಗ್ಲಿ ಬುಡಕ್ಕ, ಮುಂದಿನ ವರ್ಷ ಓಡ್ಸುದ್ರಾಯ್ತು" ಅಂದ. ಚಿಕ್ಕಂದಿನಲ್ಲಿ ಗಾಳಿಪಟ ಕಿತ್ತುಹೋದಾಗಲೂ ಹೀಗೇ ನಿಲ್ಲುತ್ತಿದ್ದ.

ಆಗ ವಿರೇಮು ಲಾರಿಯಿಂದ ಒಂದು ಪೊಟ್ಟಣ ಹಿಡಿದು ಬಂದ. ಅವನ ಮಗಳು ಬರುವ ವರ್ಷ ಓಡಿಸಬೇಕೆಂದು ಕಾರು ಕಟ್ಟುತ್ತಿದ್ದಾಳೆ, ಅದಕ್ಕೆಂದು ತಂದ ಬೆಲ್ಟು, ಪ್ಲಾಸ್ಟಿಕ್ಕೂ ಬಿಚ್ಚಿಲ್ಲ. ಇವತ್ತಿಗೆ ಹಾಕಿಕೋ ಎಂದು ಮಾದೇವನ ಕೈಗಿಟ್ಟ. ನಾನು ಮಾದೇವನ ಕಿವಿಯಲ್ಲಿ ಕೇಳಿದೆ, "ನಿನ್ನ ಎದುರು ಓಡಬೇಕಾದವನು ಇವನೇ ಅಲ್ವೇನೋ? ನೀನು ಓಡದೇ ಇದ್ರೆ ಇವನೇ ಗೆದ್ದಂಗಲ್ವಾ?"

"ಅಂಗೆ ಗೆಲ್ಲೋದು ಇಲ್ಲಿ ಯಾರಿಗೂ ಬೇಡ ಕಣಕ್ಕ."

ಬೆಲ್ಟು ಕೂರಿಸಲು ಒಂದು ಗಂಟೆ ಬೇಕು, ಅಷ್ಟು ಹೊತ್ತು ಇರಲಿಲ್ಲ. ಆಗ ಹನಿ ಬಿತ್ತು. ನಮ್ಮ ಕಡೆ ಅದನ್ನು ಮಳೆ ಎಂದು ಕರೆಯುವುದಿಲ್ಲ, ಒಣಗಿಸಿದ ಹಪ್ಪಳವನ್ನೂ ಒಳಗೆ ತರುವುದಿಲ್ಲ. ಅಲ್ಲಿ ಒಂದೇ ಹನಿಗೆ ಎಲ್ಲ ನಿಂತಿತು. ಒದ್ದೆ ರಸ್ತೆಯ ಮೇಲೆ ಒಂದು ಕಾರೂ ಹೋಗಬಾರದು. ನೂರಾರು ಜನ ಒಂದು ಗೊಣಗಾಟವಿಲ್ಲದೆ ಕಾದರು. ಹನಿ ನಿಂತ ಮೇಲೆ ಗಾಳಿ ಊದುವ ಯಂತ್ರ ಹೊತ್ತುಕೊಂಡು ಸಾಲಾಗಿ ನಡೆದರು. ಕೊನೆಗೆ ಇಬ್ಬರು ಮಂಡಿಯೂರಿ, ಅಂಗೈಯಿಂದ ರಸ್ತೆಯನ್ನು ಮುಟ್ಟಿ ಮುಟ್ಟಿ ನೋಡುತ್ತ ಬಂದರು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ನಾನು ಅದನ್ನು ನೋಡುತ್ತ ನಿಂತುಬಿಟ್ಟೆ. ರಸ್ತೆಗೆ ಇಷ್ಟು ಮರ್ಯಾದೆ ಕೊಟ್ಟದ್ದನ್ನು ನಾನು ಎಲ್ಲೂ ನೋಡಿಲ್ಲ.

ಅಷ್ಟರಲ್ಲಿ ಬೆಲ್ಟು ಕೂತಿತ್ತು. ಜೋನ್ ಮತ್ತೆ ಮೊದಲಿನಿಂದ, ಬ್ಯಾಟರಿಯಿಂದ ಹಿಡಿದು, ಎಲ್ಲ ಮುಟ್ಟಿ ನೋಡಿದರು. ಬೆಳಿಗ್ಗೆ ನೋಡಿದ್ದೀರಲ್ಲ ಅಂದೆ. ಬೆಳಿಗ್ಗೆ ನೋಡಿದ್ದು ಬೆಳಿಗ್ಗೆಯ ಕಾರು ಅಂದರು. ಈ ಸಲ ಹಾಳೆಯ ಮೇಲೆ ಹಸಿರು ಗೆರೆ ಬಿತ್ತು.

ಗೆರೆ

ಇನ್ನೊಂದು ವಿಚಿತ್ರ ಹೇಳಬೇಕು. ಇವರ ಓಟದಲ್ಲಿ ಎಷ್ಟು ಹೊತ್ತಿನಲ್ಲಿ ಓಡುತ್ತೇನೆ ಎಂದು ಮೊದಲೇ ಗಾಜಿನ ಮೇಲೆ ಬರೆಯಬೇಕು. ನಿಧಾನದ ಕಾರನ್ನು ಆ ವ್ಯತ್ಯಾಸದಷ್ಟು ಮೊದಲೇ ಬಿಡುತ್ತಾರೆ. ಬರೆದದ್ದಕ್ಕಿಂತ ಬೇಗ ಮುಟ್ಟಿದರೆ ಸೋತ ಹಾಗೆ! ನಿನ್ನ ಕಾರು ನಿನಗೆ ಎಷ್ಟು ಗೊತ್ತು ಅನ್ನುವುದೇ ಪಂದ್ಯ. ಬೇಗ ಹೋದರೆ ಸೋಲುವ ರೇಸು ಎಂದು ನಮ್ಮ ಹುಡುಗರಿಗೆ ಹೇಳಿದರೆ ನನ್ನ ತಲೆ ಕೆಟ್ಟಿದೆ ಅಂದಾರು. ಮಾದೇವ ಬಿಳೀ ಬಣ್ಣದಲ್ಲಿ ಹನ್ನೊಂದೂ ಕಾಲು ಸೆಕೆಂಡು ಎಂದು ಬರೆದ.

ಐದು ಪಟ್ಟಿಗಳನ್ನು ನಾನೇ ಬಿಗಿದೆ, ಜೋನ್ ಪಕ್ಕದಲ್ಲಿ ನಿಂತು ಹೇಳಿಕೊಟ್ಟ ಹಾಗೆ. ಹೊಚ್ಚಹೊಸ ಪಟ್ಟಿ. ತುದಿಯ ಹೊಲಿಗೆ ಬಿಟ್ಟರೆ ಉದ್ದಕ್ಕೂ ಒಂದು ತೂತಿಲ್ಲ. "ಉಸಿರಾಡಕ್ಕೂ ಆಗ್ತಿಲ್ಲ ಅಕ್ಕ" ಅಂದ. "ಆಗದಿದ್ರೆ ಒಳ್ಳೇದೇ, ಸುಮ್ನೆ ಕೂತ್ಕೊ" ಅಂದೆ. ಜೊತೆಯಲ್ಲಿ ಯಾರೂ ಕೂರಬಾರದು, ಅದೂ ನಿಯಮ. ಬೇಲಿಯ ಹಿಂದೆ ಹೋಗಿ ನಿಂತೆ.

ವಿರೇಮುವಿನ ಕಾರು ಮೊದಲು ಹೊರಟಿತು. ಆಮೇಲೆ ನನ್ನ ತಮ್ಮನ ದೀಪ ಹಸಿರಾಯಿತು. ಮುಂದಿನ ಚಕ್ರ ನೆಲ ಬಿಡುವ ಹಾಗೆ ಎದ್ದು, ಆ ನೀಲಿ ಕಾರು ಹಾರಿತು. ನಾನು ಎಣಿಸುತ್ತಿದ್ದೆ. ಆರು ಅನ್ನುವಾಗ ಅದು ಒಂದು ಪಕ್ಕಕ್ಕೆ ತುಯ್ದಿತು. ಜನ ಒಮ್ಮೆಗೇ ಉಸಿರು ಎಳೆದುಕೊಂಡರು. ಒಳಗೆ ಅವನ ಹೆಲ್ಮೆಟ್ಟು ಎಡಕ್ಕೆ ವಾಲಿದ್ದು ಕಂಡಿತು, ಎಡ ಹೆಗಲಿನ ಮೇಲೆ. ಪಟ್ಟಿ ಹಿಡಿಯಿತು. ಕಾರು ನೆಟ್ಟಗಾಯಿತು. ಹನ್ನೊಂದು ಅನ್ನುವಷ್ಟರಲ್ಲಿ ಎಲ್ಲ ಮುಗಿದು, ಆಚೆ ತುದಿಯಲ್ಲಿ ಬಿಳೀ ಹೊಗೆ ನಿಂತಿತ್ತು. ನಾನು ಕಣ್ಣು ಒರೆಸಿಕೊಂಡೆ, ನಾಚಿಕೆಯೇನೂ ಆಗಲಿಲ್ಲ.

ಫಲಕದಲ್ಲಿ ಅಂಕಿ ಬಂತು. ಬರೆದದ್ದಕ್ಕಿಂತ ಒಂದು ಚೂರು ಬೇಗ. "ಸೋತೆ ಕಣಕ್ಕ! ಬೇಗ ಹೋಗ್ಬುಟ್ಟೆ!" ಎಂದು ನಗುತ್ತ ಬಂದ. ಗೆದ್ದ ವಿರೇಮು ಅವನನ್ನು ನೆಲದಿಂದ ಎತ್ತಿ ತಬ್ಬಿಕೊಂಡ. ನಾನು ಅಂಗಿಯ ಕೊರಳು ಸರಿಸಿ ತಮ್ಮನ ಎಡ ಹೆಗಲು ಮುಟ್ಟಿದೆ. ಅಂಗಿಯ ಕೆಳಗೆ ಪಟ್ಟಿಯ ಅಗಲಕ್ಕೆ ಕೆಂಪು ಬರೆ ಎದ್ದಿತ್ತು. ಆ ಬರೆಯನ್ನು ನೋಡಿದಷ್ಟು ಸಮಾಧಾನ ನನಗೆ ಯಾವ ದೇವಸ್ಥಾನದಲ್ಲೂ ಸಿಕ್ಕಿಲ್ಲ.

ಇಲವಾಲ

ಮೈಸೂರಿಗೆ ಬಂದ ಮಾರನೆಯ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಚೀಲದಲ್ಲಿ ಕತ್ತರಿ ಹಾಕಿಕೊಂಡು ಬಸ್ಸು ಹತ್ತಿ ಇಲವಾಲಕ್ಕೆ ಹೋದೆ. ಚನ್ನಪ್ಪ ಮನೆಯ ಮುಂದೆ ಟ್ಯಾಕ್ಸಿ ತೊಳೆಯುತ್ತಿದ್ದ.

"ಓಹೋ, ಪಾರಿನ್ನಿಂದ ಬಂದ್ಬುಟ್ರಾ ಜಯಕ್ಕ? ಬನ್ನಿ, ಕಾಪಿ ಕುಡೀರಿ."

"ಕಾಫಿ ಆಮೇಲೆ. ಬಾಗಿಲು ತೆಗಿ."

ಬೆಲ್ಟು ಎಳೆದು ನೋಡಿದೆ. ನಾಲ್ಕು ಸಾಲು, ಹಾಕಿದ ಹಾಗೇ ಇದ್ದವು. ನಾನು ಕತ್ತರಿ ತೆಗೆದದ್ದು ಕಂಡು ಅವನು ಬಕೆಟ್ಟು ಬಿಟ್ಟು ಓಡಿಬಂದ.

"ಏನಕ್ಕ ಇದು! ವೊಲಿಗೆ ಕಲ್ಲಿದ್ದಂಗೈತಲ್ಲ!"

"ಹೊಲಿಗೆ ಗಟ್ಟಿಯಾಗೇ ಇದೆ ಕಣಪ್ಪ. ಗುದ್ದಿದಾಗ ನಿನ್ನ ಹಿಡಿಯೋದು ಹೊಲಿಗೆ ಅಲ್ಲ, ಪಟ್ಟಿ. ಪಟ್ಟಿನ ನಾನೇ ಕಡಿದಿದೀನಿ" ಎಂದು ಕತ್ತರಿಸಿದೆ. ಚೀಲದಿಂದ ಹರಿದ ತುಂಡು ತೆಗೆದು ಅವನ ಕೈಗೆ ಕೊಟ್ಟೆ. ಅಲ್ಲಿಂದ ಹೊತ್ತು ತಂದ ಒಂದೇ ನೆನಪಿನ ವಸ್ತು ಅದು. ನಡೆದದ್ದನ್ನೆಲ್ಲ ಹೇಳಿದೆ. ಹೊಸ ಬೆಲ್ಟು ನಾನೇ ಹಾಕಿಸಿಕೊಡುತ್ತೇನೆ, ಅಲ್ಲಿಯವರೆಗೆ ಕಾರು ಅಲ್ಲಾಡಬಾರದು ಅಂದೆ.

ಚನ್ನಪ್ಪ ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ತೂತುಗಳ ಸಾಲಿನ ಮೇಲೆ ಉಗುರು ಎಳೆದ. ಬೈಯುತ್ತಾನೆ ಎಂದು ಕಾದಿದ್ದೆ. ಬೈಯಲಿಲ್ಲ.

"ಅಕ್ಕ," ಅಂದ, "ಇಂಗೆ ಇನ್ ಯಾರ್ಯಾರ್ಗೆ ವೊಲ್ದಿದೀರಿ?"

ಅದನ್ನೇ ಯಾರೂ ಕೇಳದಿರಲಿ ಎಂದು ಬಸ್ಸಿನುದ್ದಕ್ಕೂ ಅಂದುಕೊಂಡಿದ್ದೆ. ಜಗಲಿಯ ಮೇಲೆ ಕೂತು ಬೆರಳು ಮಡಿಸತೊಡಗಿದೆ. ಹುಣಸೂರು ರಸ್ತೆಯ ಡಾಕ್ಟರಮ್ಮ. ನರ್ಸರಿ ಶಾಲೆಯ ವ್ಯಾನು. ನಮ್ಮ ಎದುರು ಮನೆಯ ಮೇಷ್ಟ್ರು. ಎರಡೂ ಕೈಯ ಬೆರಳು ಮುಗಿದವು, ಹೆಸರು ಮುಗಿಯಲಿಲ್ಲ.

ಚನ್ನಪ್ಪ ಲುಂಗಿ ಎತ್ತಿ ಕಟ್ಟಿ ಬೈಕ್ ತೆಗೆದ. "ಅತ್ತಿ ಅಕ್ಕ. ಮೊದ್ಲು ಆ ಮಕ್ಕಳ ವ್ಯಾನಿಗೆ ಓಗಣ."

ನಾನು ಚೀಲ ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದೆ.

"ಇನ್ನೇನಕ್ಕ? ಅತ್ತಿ, ಲೇಟಾಯ್ತದೆ."

"ಹೆಲ್ಮೆಟ್ ತಗೊಂಡ್ ಬಾ" ಅಂದೆ. "ಎರಡು."